ಮಳೆಗೆ ಮೊದಲೇ ಫ್ಲೂ ಲಸಿಕೆ: ಲೋಕಲ್ ಹಿಡಿಯುವವರಿಗೂ, ಮನೆಯಲ್ಲಿರುವ ಹಿರಿಯರಿಗೂ



ಜೂನ್ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಮನೆಗಳಲ್ಲಿ ಕೊಡೆ ಹೊರಗೆ ಬರುತ್ತದೆ. ಅದರ ಹಿಂದೆಯೇ ಕೆಮ್ಮು, ಜ್ವರ, ಮೈಕೈ ನೋವೂ ಬರುತ್ತವೆ. ಮಳೆಗೆ ಕಿಟಕಿ ಮುಚ್ಚಿದ ಲೋಕಲ್‌ನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತು ಹೋಗುವವರು ನೀವು. ಅಲ್ಲಿ ತಗಲಿದ ಫ್ಲೂ ನಿಮ್ಮನ್ನು ನಾಲ್ಕೈದು ದಿನ ಮಲಗಿಸಿ ಬಿಟ್ಟುಹೋಗಬಹುದು. ಆದರೆ ಊರಿನಿಂದ ಬಂದು ನಿಮ್ಮ ಜೊತೆಗಿರುವ, ಶುಗರ್ ಇರುವ ಅಮ್ಮನಿಗೆ ಅದೇ ಫ್ಲೂ ನ್ಯುಮೋನಿಯಾ ಆಗಿ ಐಸಿಯು ತನಕ ಒಯ್ಯಬಹುದು.

*ಫ್ಲೂ ಬರೀ ನೆಗಡಿಯಲ್ಲ*
2009ರ ಎಚ್1ಎನ್1 ಹಂದಿಜ್ವರ ನೆನಪಿದೆಯಲ್ಲವೇ? ಭಾರತದ ಮೊದಲ ಸಾವು ಆ ವರ್ಷದ ಆಗಸ್ಟ್‌ನಲ್ಲಿ, ಇಲ್ಲೇ ಹತ್ತಿರದ ಪುಣೆಯಲ್ಲಿ ಆಯಿತು. ಆ ವೈರಸ್ ಹೋಗಿಲ್ಲ. ಈಗ ಪ್ರತಿ ವರ್ಷ ಬರುವ ಫ್ಲೂಗಳಲ್ಲಿ ಅದೂ ಒಂದು. ಈಗಿನ ಲಸಿಕೆಯಲ್ಲಿ ಅದಕ್ಕೂ ರಕ್ಷಣೆ ಇದೆ.

*ಯಾವಾಗ ತೆಗೆದುಕೊಳ್ಳಬೇಕು?*
ನಮ್ಮ ಕಡೆ ಫ್ಲೂ ಜಾಸ್ತಿಯಾಗುವುದು ಜುಲೈಯಿಂದ ಸೆಪ್ಟೆಂಬರ್ ವರೆಗೆ. ಲಸಿಕೆ ಕೆಲಸ ಮಾಡಲು ಸುಮಾರು 2 ವಾರ ಬೇಕು. ಆದ್ದರಿಂದ ಏಪ್ರಿಲ್, ಮೇ ತಿಂಗಳು ಒಳ್ಳೆಯದು. ಮೇ ರಜೆಗೆ ಊರಿಗೆ ಹೋಗುವ ಮೊದಲೇ ಮುಗಿಸಿದರೆ ಮತ್ತೂ ಒಳ್ಳೆಯದು. ಮಳೆ ಶುರುವಾಗಿದ್ದರೂ ತಡವಾಯಿತೆಂದು ಬಿಡಬೇಡಿ.

ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ 2 ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಲಸಿಕೆಯಲ್ಲಿ ಯಾವ ತಳಿ ಇರಬೇಕೆಂದು ಹೇಳುತ್ತದೆ. ಹೋದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. ಕೋವಿಡ್ ಲಸಿಕೆ ಫ್ಲೂ ತಡೆಯುವುದಿಲ್ಲ.

*ಯಾರು ಮೊದಲು?*
1. 60 ದಾಟಿದವರು.
2. ಶುಗರ್, ದಮ್ಮು, ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರು.
3. ಗರ್ಭಿಣಿಯರು. 6 ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಕೊಡುವಂತಿಲ್ಲ. ತಾಯಿ ತೆಗೆದುಕೊಂಡದ್ದೇ ಮಗುವಿಗೆ ರಕ್ಷಣೆ. ಹೆರಿಗೆಗೆ ತವರಿಗೆ ಹೊರಡುವ ಮುನ್ನ ಡಾಕ್ಟರನ್ನು ಕೇಳಿ. ಬಾಣಂತನ ಮಾಡುವ ಅಜ್ಜಿಗೂ ಹಾಕಿಸಿ.
4. 6 ತಿಂಗಳಿಂದ 5 ವರ್ಷದ ಮಕ್ಕಳು. 9 ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ 4 ವಾರ ಬಿಟ್ಟು 2 ಡೋಸ್ ಬೇಕು.

ಇವರ ಜೊತೆ ಒಂದೇ ಮನೆಯಲ್ಲಿದ್ದು ದಿನಾ ಲೋಕಲ್‌ನಲ್ಲಿ ಓಡಾಡುವ ನೀವೂ ತೆಗೆದುಕೊಳ್ಳಿ.

*ಎಲ್ಲಿ, ಏನು ಕೇಳಬೇಕು?*
ಪೋಲಿಯೊ ಲಸಿಕೆಯಂತೆ ಇದು ಎಲ್ಲರಿಗೂ ಉಚಿತವಲ್ಲ. ಗರ್ಭಿಣಿಯರಿಗೆ, ಶುಗರ್-ಬಿಪಿ ಇರುವವರಿಗೆ ಸರಕಾರಿ ಲಸಿಕೆ ಬಂದಿದೆಯೇ ಎಂದು ಮೊದಲು ಪಾಲಿಕೆ ಆಸ್ಪತ್ರೆಯಲ್ಲಿ ವಿಚಾರಿಸಿ. ಡೊಂಬಿವಲಿಯಲ್ಲಿ ಶಾಸ್ತ್ರಿನಗರ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ, ಕಳವಾದಲ್ಲಿ ಛತ್ರಪತಿ ಶಿವಾಜಿ ಮಹಾರಾಜ, ವಾಶಿಯಲ್ಲಿ ನವಿಮುಂಬಯಿ ಪಾಲಿಕೆಯ ಆಸ್ಪತ್ರೆ ಇದೆ. ಇಲ್ಲವಾದರೆ ನಿಮ್ಮ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ, ಬೆಲೆ ಕೇಳಿಕೊಂಡೇ ಹೋಗಿ.

ಹೊಸದಾಗಿ ಬಂದವರಿಗೆ ಮರಾಠಿ ತೊಡಕಾದರೆ ಇಷ್ಟು ಸಾಕು:
"ಫ್ಲೂಚಿ ಲಸ್ ಆಹೆ ಕಾ?" (ಫ್ಲೂ ಲಸಿಕೆ ಇದೆಯೇ?)
"ಹೀ ಯಾ ವರ್ಷಾಚಿ ಆಹೆ ಕಾ?" (ಇದು ಈ ವರ್ಷದ್ದೇ?)
"ಆಈಲಾ ಶುಗರ್ ಆಹೆ." (ಅಮ್ಮನಿಗೆ ಶುಗರ್ ಇದೆ.)

ಲಸಿಕೆಯ ಮೇಲಿನ ವರ್ಷ, ಎಕ್ಸ್‌ಪೈರಿ ನೋಡಿ. ಈ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಮೆಡಿಕಲ್‌ನಿಂದ ನೀವೇ ತರಬೇಕಾದರೆ ಐಸ್‌ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಹಾಕಿಸಿ, ನೇರ ಕ್ಲಿನಿಕ್ಕಿಗೆ ಒಯ್ಯಿರಿ. ಫ್ರೀಜರಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿದರೆ ಲಸಿಕೆ ಕೆಟ್ಟಂತೆ.

ಆ ದಿನ ಜೋರು ಜ್ವರವಿದ್ದರೆ ಮುಂದೂಡಿ. ಹಿಂದೆ ಯಾವುದೇ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ.

*"ಲಸಿಕೆಯಿಂದಲೇ ಜ್ವರ ಬಂತು"*
ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಬರಬಹುದು. ಅದು ಫ್ಲೂ ಅಲ್ಲ. ಇಂಜೆಕ್ಷನ್ನಿನಲ್ಲಿ ಜೀವಂತ ವೈರಸ್ ಇರುವುದಿಲ್ಲ. ನೂರಕ್ಕೆ ನೂರು ರಕ್ಷಣೆಯೂ ಇಲ್ಲ, ನಿಜ. ತಳಿ ಸರಿಹೊಂದಿದ ವರ್ಷ ಫ್ಲೂಗೆಂದು ಡಾಕ್ಟರ ಬಳಿ ಓಡುವ ಸಾಧ್ಯತೆ ಶೇ. 40ರಿಂದ 60ರಷ್ಟು ತಗ್ಗುತ್ತದೆ. ತಗಲಿದರೂ ಕಾಯಿಲೆ ಅಷ್ಟು ಜೋರಾಗುವ ಸಾಧ್ಯತೆ ಕಡಿಮೆ.

*ಎಚ್ಚರಿಕೆ*
ಮಳೆಗಾಲದ ಜ್ವರವೆಲ್ಲ ಫ್ಲೂ ಅಲ್ಲ. ಡೆಂಗಿ, ಮಲೇರಿಯಾ, ನೆರೆನೀರಿನಲ್ಲಿ ನಡೆದವರಿಗೆ ಬರುವ ಇಲಿಜ್ವರಕ್ಕೆ ಈ ಲಸಿಕೆ ತಡೆಯಲ್ಲ. ಉಸಿರಾಟಕ್ಕೆ ಕಷ್ಟ, ಎದೆನೋವು, ಮಂಪರು, ತುಟಿ ನೀಲಿಯಾಗುವುದು, ಮಗು ಹಾಲು ಕುಡಿಯದಿರುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಫ್ಲೂ ಔಷಧಿ ಮೊದಲ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಗುಣ. ಮನಸ್ಸಿಗೆ ಬಂದಂತೆ ಆ್ಯಂಟಿಬಯೋಟಿಕ್ ನುಂಗಬೇಡಿ. ಅದು ವೈರಸ್ಸಿಗೆ ಕೆಲಸ ಮಾಡುವುದಿಲ್ಲ.

ಲಸಿಕೆಯ ತಾರೀಕನ್ನು ಮೊಬೈಲಿನಲ್ಲಿ ಬರೆದಿಡಿ, ಮುಂದಿನ ವರ್ಷಕ್ಕೆ ನೆನಪಾಗುತ್ತದೆ. ಅಮ್ಮ "ನನಗೇಕೆ ಖರ್ಚು, ಮಕ್ಕಳಿಗೆ ಹಾಕಿಸು" ಎನ್ನಬಹುದು. ಅವರನ್ನೇ ಮೊದಲು ಕರೆದುಕೊಂಡು ಹೋಗಿ.

ನಿಮ್ಮ ಬಂಧುಬಳಗಕ್ಕೂ ಇದನ್ನು ಕಳಿಸಿ. ಆರೋಗ್ಯವಾಗಿರಿ. 🙏