ಓರೆಯಾದ ದಪ್ಪಕ್ಷರ: ಎಲ್ಲಿ ಹಿತ, ಎಲ್ಲಿ ಅಹಿತ?

ಬ್ರಹ್ಮಾವರದಿಂದ ಕುಂದಾಪುರದ ಮೂಲಕ ಬೈಂದೂರಿನತ್ತ ಸಾಗುವ ಖಾಸಗಿ ಬಸ್ಸುಗಳ ಮೈಮೇಲಿನ ಹೆಸರುಗಳನ್ನು ಗಮನಿಸಿದವರಿಗೆ ಒಂದು ಬಗೆಯ ಅಕ್ಷರ ಚಿರಪರಿಚಿತ. ದಪ್ಪ ಗೆರೆ, ಇಕ್ಕಟ್ಟಾದ ಮೈ, ಚೂಪಾದ ಮೂಲೆಗಳು, ಬಲಕ್ಕೆ ವಾಲಿದ ನಿಲುವು. ವೇಗವನ್ನೂ ಬಲವನ್ನೂ ಸೂಚಿಸುವ ಈ ವಿನ್ಯಾಸವನ್ನು ಅಂಗಡಿಯ ಫಲಕಕ್ಕೋ ಗೋಡಂಬಿ ಪೊಟ್ಟಣಕ್ಕೋ ಅಕ್ಕಿಯ ಚೀಲಕ್ಕೋ ಆಯ್ದುಕೊಳ್ಳುವ ಮುನ್ನ ವ್ಯಾಪಾರಿ ಬಂಧುಗಳು ಕೆಲವು ಅಂಶಗಳನ್ನು ತಿಳಿದಿರುವುದು ಒಳಿತು.

ಓರೆ ಅಕ್ಷರವನ್ನು 1501ರಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ ಸಣ್ಣ ಗಾತ್ರದ ಪುಸ್ತಕಕ್ಕೆ ಬಳಸಿದನು. ದಪ್ಪನೆಯ ಇಕ್ಕಟ್ಟಿನ ಅಕ್ಷರಗಳು 19ನೇ ಶತಮಾನದ ಭಿತ್ತಿಪತ್ರಗಳಲ್ಲಿ ಬಳಕೆಗೆ ಬಂದವು. ಕಿರಿದಾದ ಹಾಳೆಯಲ್ಲಿ ದೊಡ್ಡ ಅಕ್ಷರ ಹಿಡಿಸಬೇಕೆಂಬ ವ್ಯಾಪಾರದ ಅಗತ್ಯವೇ ಅದಕ್ಕೆ ಕಾರಣ.

ಆದರೆ ರೋಮನ್ ಲಿಪಿಗೆ ಒಗ್ಗಿದ್ದೆಲ್ಲ ಕನ್ನಡಕ್ಕೆ ಒಗ್ಗದು. ನಮ್ಮದು ದುಂಡು ಲಿಪಿ. ಒತ್ತಕ್ಷರ ಕೆಳಗಿಳಿಯುತ್ತದೆ, ಕೊಂಬು ಬಲಕ್ಕೆ ಚಾಚುತ್ತದೆ. ‘ಬ್ರಹ್ಮಾವರ’ಕ್ಕೆ ಎತ್ತರ ಬೇಕು, ‘ಬೈಂದೂರು’ ಅಗಲವನ್ನು ಬೇಡುತ್ತದೆ. ಗಣಕದಲ್ಲಿ ಸಾಮಾನ್ಯ ಅಕ್ಷರವನ್ನೇ ಇಕ್ಕೆಲಗಳಿಂದ ಒತ್ತಿದರೆ ನಿಂತ ಗೆರೆಗಳು ತೆಳುವಾಗಿ, ಅಡ್ಡ ಗೆರೆಗಳು ದಪ್ಪವಾಗಿಯೇ ಉಳಿದು ರೂಪ ಕೆಡುತ್ತದೆ. ಸೊನ್ನೆಯ ಒಳಗಿನ ತೆರವು ಕಿರಿದಾಗುತ್ತದೆ. ಗೆರೆ ದಪ್ಪವಾದಂತೆ ಮಹಾಪ್ರಾಣದ ಸೀಳೂ ಮುಚ್ಚಿಹೋದರೆ ‘ಧನ’ವು ‘ದನ’ವಾಗಿ ಕಂಡೀತು! ಆದುದರಿಂದ ಇಕ್ಕಟ್ಟಾಗಿಯೇ ರೂಪಿಸಿದ ಅಕ್ಷರವನ್ನು ಆಯ್ದುಕೊಳ್ಳಬೇಕು. 2022ರಲ್ಲಿ ಬಿಡುಗಡೆಯಾದ ಉಚಿತ ಫಾಂಟ್ ‘ಅನೇಕ್ ಕನ್ನಡ’ದಲ್ಲಿ ಇಕ್ಕಟ್ಟಿನಿಂದ ಅಗಲದವರೆಗೆ, ತೆಳುವಿನಿಂದ ದಪ್ಪದವರೆಗೆ ರೂಪಗಳಿವೆ. ಓರೆ ಬೇಕಿದ್ದಲ್ಲಿ ಹೆಸರೊಂದನ್ನು ನುರಿತ ಕಲಾವಿದರಿಂದ ಬರೆಸುವುದು ಉತ್ತಮ.

ಇನ್ನು ಕಾನೂನಿನ ವಿಚಾರ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಾದ ತಿದ್ದುಪಡಿಯಂತೆ ವ್ಯಾಪಾರ ಸಂಸ್ಥೆಗಳ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿದ್ದು, ಕನ್ನಡವು ಮೇಲ್ಭಾಗದಲ್ಲಿರಬೇಕು. ಆದ್ದರಿಂದ ಫಲಕದ ಪರಿಣಾಮ ಕನ್ನಡ ಅಕ್ಷರದ ಸ್ಪಷ್ಟತೆಯನ್ನೇ ಅವಲಂಬಿಸಿದೆ. ಪೊಟ್ಟಣಗಳಿಗೆ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಅನ್ವಯಿಸುತ್ತವೆ. ತೂಕ, ಬೆಲೆ ಮುಂತಾದ ಕಡ್ಡಾಯ ವಿವರಗಳಲ್ಲಿ ಅಕ್ಷರ ಮತ್ತು ಅಂಕಿಗಳ ಅಗಲವು ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿರಕೂಡದು. ‘1’ರಂತಹ ಸಹಜವಾಗಿ ಕಿರಿದಾದವಕ್ಕೆ ಮಾತ್ರ ವಿನಾಯಿತಿ. ಅಂದರೆ 6 ಮಿ.ಮೀ. ಎತ್ತರದ ಅಂಕಿಗೆ ಕನಿಷ್ಠ 2 ಮಿ.ಮೀ. ಅಗಲ ಬೇಕು. ಇದನ್ನು ಮರೆತು ಸಾವಿರಾರು ಚೀಲ ಮುದ್ರಿಸಿದರೆ ನಷ್ಟ ತಯಾರಕನಿಗೇ.

ಒಟ್ಟಿನಲ್ಲಿ, ಈ ಅಕ್ಷರವನ್ನು ಎರಡು-ಮೂರು ಪದಗಳ ಹೆಸರಿಗೆ ಮೀಸಲಿಡಿ. ವಿಳಾಸ, ದೂರವಾಣಿ, ತೂಕ, ಬೆಲೆಗಳಿಗೆ ನೆಟ್ಟಗಿನ ಸರಳ ಅಕ್ಷರವಿರಲಿ. ಮುದ್ರಣಕ್ಕೆ ಒಪ್ಪಿಗೆ ನೀಡುವ ಮುನ್ನ ನಿಜಗಾತ್ರದ ಪ್ರತಿಯೊಂದನ್ನು ತೆಗೆಸಿ, ಫಲಕವಾದರೆ ರಸ್ತೆಯ ಆಚೆ ಬದಿಯಿಂದ, ಪೊಟ್ಟಣವಾದರೆ ಕೈಯಳತೆಯಲ್ಲಿ, ಅದನ್ನು ಮೊದಲ ಬಾರಿಗೆ ನೋಡುವವರಿಂದ ಓದಿಸಿರಿ. ಅವರು ತಡವರಿಸಿದರೆ ಗಿರಾಕಿಯೂ ತಡವರಿಸುವನು.