ತಾಲೀಮಿನಲ್ಲಿ ನಗು ನಿಂತುಹೋದರೆ

ಕೈಲಾಸಂ ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ ನಾಟಕದ ತಾಲೀಮಿನಲ್ಲಿ ಮೊದಲ ವಾರ ಬಿದ್ದುಬಿದ್ದು ನಕ್ಕ ತಂಡದವರೇ ಈಗ ಸುಮ್ಮನಿದ್ದಾರೆ ಎಂದು ಬರೆದಿದ್ದೀರಿ. ಅವರಿಗೆ ನಿಮ್ಮ ಮಾತೆಲ್ಲ ಬಾಯಿಪಾಠವಾಗಿದೆ, ಅಷ್ಟೇ. ಗಾಬರಿಯಲ್ಲಿ ಹೊಸ ಚೇಷ್ಟೆ ಸೇರಿಸಬೇಡಿ, ದಯವಿಟ್ಟು. ಕೈಲಾಸಂ ಅವರ ಕನ್ನಡದಲ್ಲಿ ಇಂಗ್ಲಿಷ್ ಹೆಣೆದುಕೊಂಡಿದೆ, ಸ್ವರಗಳನ್ನು ಅವರೇ ನುಂಗಿ ಬರೆದಿದ್ದಾರೆ. ನೀವೂ ಒಂದಿಷ್ಟು ನುಂಗಿದರೆ ಹಿಂದಿನ ಸಾಲಿನವರಿಗೆ ಏನೂ ಉಳಿಯದು. ಮೊದಲು ನಿಧಾನ, ಆಮೇಲೆ ಓಟ. ಪ್ರದರ್ಶನದ ಕೋಟನ್ನು ಇವತ್ತಿನಿಂದಲೇ ತೊಡಿ. ಗುಂಡಿ ಹಾಕುವಾಗ ಮಾತು ತಪ್ಪುತ್ತದೆಯೇ? ಆ ಜಾಗವನ್ನೇ ಮತ್ತೆ ಮತ್ತೆ ಮಾಡಿ. ಇನ್ನು, ಜನ ನಕ್ಕಾಗ ಪಾತ್ರ ಬಿಡದೆ ನಿಲ್ಲಬೇಕು. ನಗು ಇಳಿಯತೊಡಗಿದಾಗ, ಪೂರ್ತಿ ಆರುವ ಮೊದಲೇ, ಮುಂದಿನ ಮಾತು ಎತ್ತಬೇಕು. ಖಾಲಿ ಕೋಣೆಯಲ್ಲಿ ಇದು ಬರುವುದಿಲ್ಲ. ಕೊನೆಯ ವಾರ ಈ ನಾಟಕ ನೋಡಿರದ ನಾಲ್ಕು ಜನರನ್ನು ಕರೆದು ಕೂರಿಸಿ.