ಉದ್ಯೋಗ ಹುಡುಕುವಲ್ಲಿ ಸಾಮಾಜಿಕ ಜಾಲತಾಣಗಳ ಉಪಯೋಗ

ಉದ್ಯೋಗವನ್ನರಸಿ ಮುಂಬಯಿಗೆ ಬಂದ ನಮ್ಮವರಿಗೆ ಕೆಲಸದ ಸುದ್ದಿ ಸಿಗುತ್ತಿದ್ದುದು ಬಹುಮಟ್ಟಿಗೆ ಪರಿಚಯದ ಮೂಲಕವೇ. ಊರಿನವರ ಖೋಲಿಯಲ್ಲಿ ಚಾಪೆ ಹಾಸಲು ಸ್ಥಳ, ಹಗಲು ಉಡುಪಿ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆಯಲ್ಲಿ ಪಾಠ, ಅಲ್ಲಿನ ಸಹಪಾಠಿಯೊಬ್ಬನ ಮಾತಿನಿಂದ ಆಫೀಸಿನಲ್ಲಿ ಗುಮಾಸ್ತಗಿರಿ. ಹೀಗೆ ಮೇಲೆ ಬಂದವರು ಅನೇಕರು. ಇಂದು ಆ ಪರಿಚಯದ ಬಹುಭಾಗ ಮೊಬೈಲಿನೊಳಗೆ ಸೇರಿದೆ. ವಾಟ್ಸಾಪ್, ಫೇಸ್‌ಬುಕ್, ಲಿಂಕ್ಡ್‌ಇನ್ ಇವುಗಳನ್ನು ಕಾಲಹರಣಕ್ಕೆ ಮಾತ್ರವಲ್ಲದೆ ಹೊಟ್ಟೆಪಾಡಿಗೂ ಬಳಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

1. ದೂರದ ಪರಿಚಯದ ಬೆಲೆ

ಕೆಲಸ ಬೇಕಾದಾಗ ನಾವು ಮೊದಲು ಹೇಳುವುದು ಒಟ್ಟಿಗೆ ವಾಸಿಸುವವರಿಗೆ. ಆದರೆ ನಮಗೆ ತಿಳಿದಷ್ಟೇ ಅವರಿಗೂ ತಿಳಿದಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವಿಷಯವನ್ನು ಪರಿಶೀಲಿಸಿದರು. ಬೋಸ್ಟನ್ ಬಳಿಯ ಊರೊಂದರಲ್ಲಿ ಅವರು ವಿಚಾರಿಸಿದಾಗ, ಪರಿಚಿತರ ಮೂಲಕ ಕೆಲಸ ಪಡೆದವರ ಪೈಕಿ ವಾರಕ್ಕೆ ಎರಡು ಸಲವಾದರೂ ಕಾಣುವವರಿಂದ ಸುದ್ದಿ ತಿಳಿದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆ ಕಾಣುವವರಿಂದಲೇ ಸುದ್ದಿ ಬಂದಿತ್ತು. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಸದಸ್ಯರನ್ನು ಕುರಿತು ಪ್ರಕಟವಾದ ಅಧ್ಯಯನವೂ, ತೀರ ಆಪ್ತರೂ ಅಲ್ಲದ, ತೀರ ಅಪರಿಚಿತರೂ ಅಲ್ಲದ ಮಧ್ಯಮ ಪರಿಚಯವೇ ಹೆಚ್ಚು ಸಹಾಯಕವೆಂದು ತೋರಿಸಿತು.

ಆದ್ದರಿಂದ ಹಳೆಯ ಸಹಪಾಠಿ, ಬಿಟ್ಟುಬಂದ ಕಾರಖಾನೆಯ ಜೊತೆಗಾರ, ಲೋಕಲಿನಲ್ಲಿ ನಿತ್ಯ ಕಾಣುವ ಸಹಪ್ರಯಾಣಿಕ, ಇವರನ್ನು ಮರೆಯತಕ್ಕದ್ದಲ್ಲ. ಜಾಲತಾಣದ ನಿಜವಾದ ಉಪಕಾರವೆಂದರೆ ಇಂಥವರ ಸಂಪರ್ಕವನ್ನು ಉಳಿಸಿಕೊಡುವುದೇ. ಕೆಲಸ ಹೋದ ಮೇಲೆ ಮಾತ್ರ ನೆನೆಯದೆ, ಹಬ್ಬಕ್ಕೊಂದು ಶುಭಾಶಯವನ್ನಾದರೂ ಕಳುಹಿಸುತ್ತಿರಬೇಕು.

2. ಬೇಡಿಕೆಯನ್ನು ಸ್ಪಷ್ಟಪಡಿಸುವುದು

"ಎಲ್ಲಾದರೂ ಒಂದು ಕೆಲಸವಿದ್ದರೆ ನೋಡಿ ಅಣ್ಣ" ಎಂದು ಬರೆದರೆ ಓದಿದವರಿಗೆ ಮರುಕ ಹುಟ್ಟೀತು, ಆದರೆ ಯಾರಿಗೆ ಹೇಳಬೇಕೆಂಬುದು ಹೊಳೆಯದು. ಅದರ ಬದಲು ಹೀಗೆ ಬರೆದು ನೋಡಿ:

"ವಾಸ ಮುಲುಂಡ್ ಪಶ್ಚಿಮ. ಬಿ.ಕಾಂ. ಪಾಸಾಗಿದೆ. ಟ್ಯಾಲಿ ಮತ್ತು ಜಿಎಸ್‌ಟಿ ಲೆಕ್ಕದಲ್ಲಿ ಮೂರು ವರ್ಷದ ಅನುಭವ. ಠಾಣೆಯಿಂದ ಘಾಟ್ಕೋಪರದವರೆಗೆ ಲೆಕ್ಕಪತ್ರದ ಕೆಲಸ ಬೇಕಾಗಿದೆ. ಒಂದು ತಿಂಗಳಲ್ಲಿ ಸೇರಬಲ್ಲೆ."

ಇದರಲ್ಲಿ ವಾಸಸ್ಥಳ, ವಿದ್ಯೆ, ಅನುಭವ, ಬೇಕಾದ ಕೆಲಸ, ಸೇರುವ ಸಮಯ ಎಲ್ಲವೂ ಇವೆ. ಓದಿದವರು ಇದನ್ನು ಹಾಗೆಯೇ ಇನ್ನೊಬ್ಬರಿಗೆ ಕಳುಹಿಸಬಹುದು. ಎಲೆಕ್ಟ್ರಿಶಿಯನ್, ಬಡಗಿ, ಅಡುಗೆಯವರು ತಮ್ಮ ಕೆಲಸದ ಎರಡು ಮೂರು ಚಿತ್ರಗಳನ್ನು ಸೇರಿಸಿದರೆ ನೂರು ಮಾತಿಗಿಂತ ಮೇಲು. ಈಗಾಗಲೇ ಕೆಲಸದಲ್ಲಿರುವವರು ಇದನ್ನು ದೊಡ್ಡ ಗುಂಪಿನಲ್ಲಿ ಹಾಕದೆ, ನಂಬಿಕೆಯವರಿಗೆ ಪ್ರತ್ಯೇಕವಾಗಿ ಕಳುಹಿಸುವುದು ಕ್ಷೇಮ. ಈಗಿನ ಯಜಮಾನರನ್ನು ದೂರುವ ಮಾತಂತೂ ಎಲ್ಲಿಯೂ ಬೇಡ. ಹೊಸಬರೂ ಅದನ್ನು ಓದುತ್ತಾರೆ.

ಜೊತೆಗೆ ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣದಲ್ಲಿಯೂ ಹೆಸರು ನೋಂದಾಯಿಸಿಕೊಳ್ಳಬಹುದು. ಇದಕ್ಕೆ ಶುಲ್ಕವಿಲ್ಲ.

3. ಮೋಸದ ವಿಷಯದಲ್ಲಿ ಎಚ್ಚರ

ಮುಂಬಯಿಯ ಗಿರಣಿಗಳಲ್ಲಿ ಹಿಂದೆ ಕೆಲಸ ಕೊಡುವ ಅಧಿಕಾರ ಜಾಬರನ ಕೈಯಲ್ಲಿತ್ತು. ಅವನಿಗೆ ದಸ್ತೂರಿ ಸಲ್ಲಬೇಕಾಗಿತ್ತು. ಈ ಹಿಡಿತವನ್ನು ತಗ್ಗಿಸಲೆಂದೇ 1935ರಲ್ಲಿ ಬದಲಿ ಕಾರ್ಮಿಕರ ನೋಂದಣಿ ಪದ್ಧತಿ ಬಂದಿತು. ಆದರೆ ಜಾಬರನು ಕಣ್ಣೆದುರಿಗಿನ ಮನುಷ್ಯ. ಅವನ ಮನೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಮೊಬೈಲಿನಲ್ಲಿ ದಸ್ತೂರಿ ಕೇಳುವವನಿಗೆ ಮುಖವೂ ಇಲ್ಲ, ಮನೆಯೂ ಇಲ್ಲ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಸಮವಸ್ತ್ರದ ಠೇವಣಿ ಎಂದು ಆತ ಕೇಳುವ ಹಣ ಅನೇಕ ವೇಳೆ ಮನೆಯಾಕೆಯ ಬಳೆ ಅಡವಿಟ್ಟು ತಂದದ್ದಾಗಿರುತ್ತದೆ. ಕೆಲಸ ಕೊಡುವವನು ಸಂಬಳ ಕೊಡುತ್ತಾನೆಯೇ ಹೊರತು ಮುಂಗಡ ಕೇಳುವುದಿಲ್ಲವೆಂಬುದನ್ನು ನೆನಪಿಡಬೇಕು.

ಪಾಲಿಸಬೇಕಾದ ನಿಯಮಗಳು ಇವು:

(ಅ) ಸಂದರ್ಶನಕ್ಕೆ ಮೊದಲೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ ಕಳುಹಿಸಕೂಡದು. ಒಟಿಪಿಯನ್ನು ಯಾರಿಗೂ, ಎಂದಿಗೂ ಹೇಳಕೂಡದು.

(ಆ) ಕಂಪನಿಯ ಸ್ವಂತ ತಾಣವನ್ನು ನೋಡಿ, ಅಲ್ಲಿನ ದೂರವಾಣಿಗೆ ಕರೆಮಾಡಿ ವಿಚಾರಿಸಬೇಕು. ವಾಗ್ಳೆ ಎಸ್ಟೇಟಿನ ವಿಳಾಸ ಕೊಟ್ಟಿದ್ದರೆ ಒಂದು ಸಲ ಹೋಗಿ ನೋಡಿಬರುವುದು ಕಷ್ಟವಲ್ಲ.

(ಇ) ವಿದೇಶದ ಕೆಲಸವಾದರೆ ಏಜೆಂಟನು 1983ರ ವಲಸೆ ಕಾಯ್ದೆಯಂತೆ ನೋಂದಾಯಿತನೇ ಎಂದು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬೇಕು. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸವೆಂದು ಜಾಲತಾಣದ ಜಾಹೀರಾತಿನಿಂದ ಸೆಳೆದು, ಯುವಕರನ್ನು ಅಕ್ರಮವಾಗಿ ಮ್ಯಾನ್ಮಾರಿಗೆ ಸಾಗಿಸುತ್ತಿದ್ದುದನ್ನು ತಿಳಿಸಿ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತ್ತು.

(ಈ) ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆಮಾಡಬೇಕು. ತಡಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ.

4. ನಮ್ಮ ಕರ್ತವ್ಯ

ಕೆಲಸ ಸಿಕ್ಕಿದವರು ಗುಂಪನ್ನು ಬಿಟ್ಟು ಹೋಗುವುದು ವಾಡಿಕೆ. ಆದರೆ ಖಾಲಿ ಜಾಗದ ಸುದ್ದಿ ಮೊದಲು ತಿಳಿಯುವುದು ಒಳಗಿರುವವರಿಗೇ. ಅದನ್ನು ಗುಂಪಿಗೆ ತಿಳಿಸುವಾಗ "ಸ್ವತಃ ವಿಚಾರಿಸಿದ್ದೇನೆ" ಅಥವಾ "ಬಂದದ್ದನ್ನು ಕಳುಹಿಸಿದ್ದೇನೆ, ವಿಚಾರಿಸಿಲ್ಲ" ಎಂದು ಒಂದು ಸಾಲು ಸೇರಿಸಿದರೆ ಸಾಕು. ಊರಿನ ಹಿರಿಯರು ಹಿಂದೆ ವಹಿಸುತ್ತಿದ್ದ ಜಾಮೀನಿಗೆ ಈಗ ನಮ್ಮಲ್ಲಿ ಉಳಿದಿರುವುದು ಆ ಒಂದು ಸಾಲೇ.

ಅಭ್ಯಾಸ: ಮೇಲಿನ ಮಾದರಿಯಂತೆ ತಮ್ಮ ವಿಷಯವನ್ನು ಐದು ಸಾಲುಗಳಲ್ಲಿ ಬರೆಯಿರಿ. ಒಂದು ವರ್ಷದಿಂದ ಮಾತನಾಡದ ಹತ್ತು ಮಂದಿ ಪರಿಚಿತರ ಪಟ್ಟಿ ಮಾಡಿ, ಮೊದಲು ಕ್ಷೇಮಸಮಾಚಾರ ಕೇಳಿ, ಬಳಿಕ ಅದನ್ನು ಕಳುಹಿಸಿರಿ.